ಶೆಟ್ಟೆವ್ವನ ಮೈಯ ಕಬ್ಬಿಣ

ಉದ್ದವ್ವ ಮಣ್ಣು ತಿನ್ನುತ್ತಾಳೆಂಬುದು ಮನೆಯಲ್ಲಿ ಮೊದಲು ಗೊತ್ತಾದದ್ದು ಅವಳ ಅತ್ತೆ ಗೌರವ್ವನಿಗೆ. ಅಡುಗೆಮನೆಯ ಹಿಂಬದಿಯ ಗೋಡೆಯಲ್ಲಿ, ಕೈಗೆಟಕುವ ಎತ್ತರದಲ್ಲಿ, ಒಂದು ತಗ್ಗು ಬಿದ್ದಿತ್ತು. ಇಲಿ ಕೆರೆದಿರಬೇಕೆಂದು ಗೌರವ್ವ ಅದಕ್ಕೆ ಸೆಗಣಿ ಮೆತ್ತಿದಳು. ಸ್ವಲ್ಪ ದಿನಕ್ಕೆ ತಗ್ಗು ಮತ್ತೆ ಬಿತ್ತು. ಮತ್ತೊಮ್ಮೆ ಮೆತ್ತಲು ಹೋದಾಗ ದೊಡ್ಡ ಸೊಸೆ ಅಲ್ಲೇ ನಿಂತು, ಉಗುರಿನಿಂದ ಗೋಡೆ ಕೆದರಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

“ಬಸರ ಅದಿಯೇನ?” ಎಂದು ಗೌರವ್ವ ಕೇಳಿದಳು.

“ಇಲ್ರಿ ಅತ್ತಿ.”

“ಮತ್ತ ಮಣ್ಣ ಯಾಕ ತಿನ್ನಾಕತ್ತಿ?”

ಯಾಕೆ ಎಂಬುದು ಉದ್ದವ್ವನಿಗೂ ತಿಳಿದಿರಲಿಲ್ಲ. ಮಳೆಹನಿ ಬಿದ್ದ ಗೋಡೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಬಾಯಲ್ಲಿ ನೀರೂರಿ ಕಾಲುಗಳು ತಾವಾಗಿ ಅತ್ತ ಹೋಗುತ್ತಿದ್ದವು. ತಿಂದ ಮೇಲೆ ನಾಚಿಕೆಯಾಗುತ್ತಿತ್ತು. ಮರುದಿನ ಮತ್ತೆ ಅದೇ. ಕಬ್ಬಿನ ಹೊಲದಿಂದ ಮೇವಿನ ಹೊರೆ ಹೊತ್ತು ಬರುವಾಗ ಅವಳಿಗೆ ಎದೆ ಡವಗುಟ್ಟಿ ಕಣ್ಣು ಕತ್ತಲೆಗಟ್ಟುತ್ತಿತ್ತು. ಹಾದಿಯಲ್ಲಿ ಎರಡು ಕಡೆ ಹೊರೆ ಇಳಿಸಿ ಕೂರಬೇಕಾಗುತ್ತಿತ್ತು. ಲಗ್ನವಾಗಿ ವರ್ಷಗಳಾಗಿದ್ದವು. ಎರಡು ಬಸಿರು ನಿಂತಂತೆ ಮಾಡಿ ಇಳಿದುಹೋಗಿದ್ದವು. ಹುಕ್ಕೇರಿ ಕಡೆಯ ಹುಡುಗಿಯನ್ನು ತಂದದ್ದೇ ತಪ್ಪಾಯಿತೆಂದು ಗೌರವ್ವ ಬಾಯಿ ಬಿಟ್ಟು ಅನ್ನದಿದ್ದರೂ, ಎರಡನೆಯ ಮಗ ಯಲ್ಲಾರಿಗೆ ಹೆಣ್ಣು ತರುವಾಗ ಹೊರಗೆ ನೋಡಲಿಲ್ಲ. ಸ್ವಂತ ಮಗಳ ಮಗಳು ಕಾಡವ್ವನನ್ನೇ ತಂದಳು. “ನಮ್ಮ ರಕ್ತ ನಮ್ಮ ಮನ್ಯಾಗ ಇರಲಿ,” ಎಂದು ನಾಗನೂರಿನ ತುಂಬ ಹೇಳಿಕೊಂಡು ತಿರುಗಿದಳು.

ಕಾಡವ್ವನಿಗೆ ವರ್ಷ ತುಂಬುವುದರೊಳಗೆ ಹೆಣ್ಣುಮಗು ಹುಟ್ಟಿತು. ಗೌರವ್ವ ತನ್ನ ತಾಯಿಯ ಹೆಸರು ಶೆಟ್ಟೆವ್ವ ಎಂದು ಇಟ್ಟಳು. ಹುಟ್ಟಿದಾಗ ಕೆಂಪು ಜೋಳದ ಕಾಳಿನಂತಿದ್ದ ಕೂಸು, ಕೂರುವ ಹೊತ್ತಿಗೆ ಬಿಳಿಚಿಕೊಂಡಿತು. ನಡೆಯುವ ವಯಸ್ಸಿಗೆ ನಡೆಯಲಿಲ್ಲ. ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ಗಡಿಗೆಯಂತೆ ಉಬ್ಬಿತು. ಕಾಡವ್ವನೂ ಚಿಕ್ಕಂದಿನಿಂದ ಬಿಳುಪು ಮುಖದವಳೇ. ಮಂದಿ ಅದನ್ನು ಚೆಲುವು ಅಂದುಕೊಂಡಿದ್ದರು.

ಉದ್ದವ್ವನ ಗಂಡ ಕರೆಪ್ಪ ವರ್ಷದ ಬಹುಪಾಲು ಕುರಿಯ ಹಿಂದೆ ಊರೂರು ತಿರುಗುವವನು. ಮನೆ, ಹೊಲ ನೋಡಿಕೊಳ್ಳುವವನು ಯಲ್ಲಾರಿ. ಒಂದು ಸೋಮವಾರ ಅವನು ಬಂಡಿ ಹೂಡಿ ಅತ್ತಿಗೆ, ಹೆಂಡತಿ, ಕೂಸು ಮೂವರನ್ನೂ ಮೂಡಲಗಿಗೆ ಒಯ್ದ. ಅಲ್ಲಿಂದ ಗೋಕಾಕದ ಬಸ್ಸು ಹಿಡಿದರು.

ಗುರುಲಿಂಗಪ್ಪ ಡಾಕ್ಟರ ದವಾಖಾನೆ ಗೋಕಾಕದ ಪೇಟೆಯಲ್ಲಿತ್ತು. ತೆಳ್ಳನೆಯ ಮನುಷ್ಯ, ಮಾತು ನಿಧಾನ. ಮೂವರ ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿದರು. ಬೆರಳು ಚುಚ್ಚಿ ರಕ್ತ ತೆಗೆದರು. ಉದ್ದವ್ವನ ಉಗುರುಗಳನ್ನು ನೋಡಿ, “ಮಣ್ಣ ತಿಂತಿಯೇನ ತಂಗಿ?” ಎಂದು ಕೇಳಿಬಿಟ್ಟರು. ಅವಳು ಮೈದುನನ ಎದುರಿಗೆ ನೆಲಕ್ಕೆ ಇಳಿದುಹೋದಳು.

“ನಾಚಬ್ಯಾಡ. ಅದು ರೋಗದ ಗುಣ. ನಿಮ್ಮ ಮೂರೂ ಮಂದಿಗೆ ರಕ್ತ ತಿಳಿ ಆಗೇತಿ. ರಕ್ತದಾಗ ಕಬ್ಬಿಣ ಇರತೈತಿ, ಅದು ಕಡಿಮಿ ಬಿದ್ದೈತಿ.”

“ಕಬ್ಬಿಣ ಅಂದ್ರ... ಕಳೆ ತಗಿಯೂ ಕುರಪಿ ಮಾಡ್ತಾರಲ್ರಿ, ಅದ?”

“ಅದ. ಆದ್ರ ಕಣ್ಣಿಗೆ ಕಾಣಲಾರದಷ್ಟು ಸಣ್ಣದು. ನಿನ್ನ ಇಡೀ ಮೈಯಾಗಿಂದು ಕೂಡಿಸಿದ್ರ ಒಂದು ಮೊಳಿ ಆದೀತು, ಅಷ್ಟ.”

ಉದ್ದವ್ವ ಗೋಡೆಗೆ ಹೊಡೆದಿದ್ದ ಮೊಳೆಯನ್ನು ನೋಡಿದಳು. ಅದಕ್ಕೆ ಡಾಕ್ಟರ ಛತ್ರಿ ತೂಗುತ್ತಿತ್ತು. ಮೈಯೊಳಗೆ ಅಂಥದೊಂದು ಇದೆಯೆಂದರೆ ಚುಚ್ಚುವುದಿಲ್ಲವೇ?

ಡಾಕ್ಟರು ಬೇಸರಿಸದೆ ತಿಳಿಸಿ ಹೇಳಿದರು. ತಿಂದ ಸೊಪ್ಪು, ಕಾಳು, ಮಾಂಸದಲ್ಲಿ ಕಬ್ಬಿಣ ಇರುತ್ತದೆ. ಕರುಳು ಅದರಲ್ಲಿ ಚೂರೇ ಚೂರು ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತ ಅದನ್ನು ಹೊತ್ತು ಎಲುಬಿನೊಳಗಿನ ಮಜ್ಜೆಗೆ ಒಯ್ಯುತ್ತದೆ. ಹೊಸ ರಕ್ತ ಹುಟ್ಟುವುದು ಅಲ್ಲಿ. ನಾವು ಎಳೆದುಕೊಂಡ ಉಸಿರನ್ನು ಮೈತುಂಬ ಮುಟ್ಟಿಸುವುದು ಆ ಕಬ್ಬಿಣವೇ. ಅದು ಇಲ್ಲದ್ದಕ್ಕೇ ಹೊರೆ ಹೊತ್ತಾಗ ಏದುಸಿರು ಬರುವುದು. ಎಲುಬಿನ ಮಾತು ಉದ್ದವ್ವನಿಗೆ ಹಿಡಿಸಿತು. ಕುರಿಯ ಎಲುಬು ಒಡೆದಾಗ ಒಳಗೆ ಕೆಂಪಗಿರುವುದನ್ನು ಅವಳು ಎಷ್ಟು ಸಲ ಕಂಡಿಲ್ಲ. ಉಳಿದದ್ದು ತಲೆಯ ಮೇಲಿಂದ ಹಾದುಹೋಯಿತು.

ಮಲ ಪರೀಕ್ಷೆಯಲ್ಲಿ ಉದ್ದವ್ವನ ಹೊಟ್ಟೆಯಲ್ಲಿ ಹುಳುಗಳಿದ್ದದ್ದು ಕಂಡಿತು. ದಾರದೆಳೆಯಂಥ ಹುಳುಗಳು, ಕರುಳು ಕಚ್ಚಿ ರಕ್ತ ಹೀರುವಂಥವು. ಕಾಲುವೆ ನೀರು ಹಾಯಿಸಿದ ಹಸಿ ಹೊಲದಲ್ಲಿ ಬರಿಗಾಲಲ್ಲಿ ನಿಂತವರಿಗೆ ಅಂಗಾಲಿನಿಂದ ಹೊಗುತ್ತವೆಯಂತೆ. ಕಾಡವ್ವನಿಗೂ ಕೂಸಿಗೂ ಹುಳು ಇರಲಿಲ್ಲ. ಆದರೂ ಬಿಳುಪು ಒಂದೇ ಆದ್ದರಿಂದ ಇಬ್ಬರು ಹೆಂಗಸರಿಗೂ ಕಬ್ಬಿಣದ ಗುಳಿಗೆ, ಕೂಸಿಗೆ ಅದರದ್ದೇ ಟಾನಿಕ್ಕು ಕೊಟ್ಟರು. ಉದ್ದವ್ವನಿಗೆ ಹುಳುವಿನ ಔಷಧಿ ಬೇರೆ. ಚಹಾದ ಜೊತೆ ಗುಳಿಗೆ ನುಂಗಬೇಡಿ, ಚಹಾ ಕಬ್ಬಿಣವನ್ನು ಕರುಳಿಗೆ ಹತ್ತಗೊಡುವುದಿಲ್ಲ ಎಂದರು. ಆಮೇಲೆ ಯಲ್ಲಾರಿಯನ್ನು ಬಾಜೂಕ್ಕೆ ಕರೆದು ಮತ್ತೇನೋ ಹೇಳಿದರು.

ಆ ಮತ್ತೇನೋ ಏನೆಂಬುದು ಯಲ್ಲಾರಿಯ ಬಾಯಿಂದ ಹೊರಬರಲಿಲ್ಲ. ಗುಳಿಗೆ ಸುರು ಮಾಡಿದ ಮೂರ್ನಾಲ್ಕು ದಿನಕ್ಕೆ ಉದ್ದವ್ವನ ಮಲ ಡಾಂಬರಿನಂತೆ ಕಪ್ಪಗಾಯಿತು. ಹುಳುಗಳು ಕುಡಿದ ರಕ್ತವೆಲ್ಲ ಸುಟ್ಟು ಬೀಳುತ್ತಿದೆ, ತಾನು ಉಳಿಯುವುದಿಲ್ಲ ಎಂದುಕೊಂಡಳು. ಹೆದರುತ್ತ ಕಾಡವ್ವನಿಗೆ ಹೇಳಿದರೆ ಅವಳದ್ದೂ ಹಾಗೇ.

“ಯಕ್ಕಾ, ಗುಳಿಗ್ಯಾಗ ಇಸಾ ಕೊಟ್ಟಾರೇನ?” ಎಂದು ಕಾಡವ್ವ ಅಳತೊಡಗಿದಳು.

ಇಬ್ಬರೂ ಗುಳಿಗೆ ಬಿಟ್ಟರು. ಡಬ್ಬಿ ಹಾಗೇ ಉಳಿದದ್ದು ಯಲ್ಲಾರಿಯ ಕಣ್ಣಿಗೆ ಬಿದ್ದು ಕೇಳಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವನಿಗೆ ಎಲ್ಲ ತಿಳಿಯಿತು. ಅತ್ತಿಗೆಯನ್ನು ನೋಡದೆ ಎತ್ತಿನ ಕಡೆ ಮುಖ ತಿರುಗಿಸಿ, ಅದಕ್ಕೇ ಹೇಳುವವನಂತೆ ಅಂದ: “ಹೊರಕಡಿ ಕರ್ರಗ ಆಕ್ಕೈತಿ ಅಂತ ಡಾಕ್ಟರ್ ಮದಲ ಹೇಳ್ಯಾರ. ಕರುಳಿಗೆ ಹತ್ತಲಾರದ ಕಬ್ಬಿಣ ಹಂಗ ಬೀಳತೈತಂತ. ಅಂಜಬಾರದಂತ. ವೈನಿ ಮುಂದ ಇದನ್ನ ಹೆಂಗ ಹೇಳೂದು?”

ಗುಳಿಗೆ ಮತ್ತೆ ಸುರುವಾಯಿತು. ಪಂಚಮಿ ಹೋಗಿ ದಸರೆ ಬರುವಷ್ಟರಲ್ಲಿ ಉದ್ದವ್ವನಿಗೆ ಒಂದು ವಿಚಿತ್ರ ಅನುಭವವಾಯಿತು. ಮಳೆ ಬಂದು ಗೋಡೆ ನೆನೆದಿತ್ತು, ವಾಸನೆಯೂ ಬಂತು. ಬಾಯಲ್ಲಿ ನೀರು ಬರಲಿಲ್ಲ. ಬೇಕೆಂದೇ ಚೂರು ಮಣ್ಣು ನಾಲಿಗೆಗೆ ಇಟ್ಟು ನೋಡಿದಳು. ಬರೀ ಮಣ್ಣು. ಥೂ ಎಂದು ಉಗುಳಿದಳು. ಹೊರೆ ಹೊತ್ತರೆ ಎದೆ ಡವಗುಟ್ಟುತ್ತಿರಲಿಲ್ಲ. ಕುರಿ ಬಿಟ್ಟು ನಾಲ್ಕು ದಿನ ಮನೆಗೆ ಬಂದ ಕರೆಪ್ಪ ಅವಳ ಮುಖವನ್ನೇ ನೋಡುತ್ತ ಕೂತ. “ತುಟಿ ಕೆಂಪ ಆಗ್ಯಾವಲ್ಲ, ಎಲಿ ಹಾಕ್ಕೊಂಡಿಯೇನ?” ಎಂದ.

ಆದರೆ ಕಾಡವ್ವ ಇದ್ದ ಹಾಗೇ ಇದ್ದಳು. ಶೆಟ್ಟೆವ್ವ ಇನ್ನೂ ಬಿಳಿಚಿದಳು.

ಒಂದೇ ಡಬ್ಬಿಯ ಗುಳಿಗೆ, ಒಂದೇ ಒಲೆಯ ರೊಟ್ಟಿ. ಇದು ಹೇಗೆ ಎಂದು ಮನೆಯಲ್ಲಿ ಯಾರಿಗೂ ಬಗೆಹರಿಯಲಿಲ್ಲ. ಗೌರವ್ವ ಮೊದಲು ಮೊಮ್ಮಗಳು ಕಾಡವ್ವನನ್ನು ಗದರಿದಳು: “ಗುಳಿಗಿ ಹಿತ್ತಲಾಗ ಉಗುಳಿ ಬರ್ತಿ ಏನ?” ಕಾಡವ್ವ ಅಜ್ಜಿಯ ಎದುರಿಗೇ ಬಾಯಿ ತೆರೆದು ನುಂಗಿ ತೋರಿಸಿದಳು. ಆಮೇಲೆ ಗೌರವ್ವನ ಕಣ್ಣು ಉದ್ದವ್ವನ ಕಡೆ ತಿರುಗಿತು.

“ಆಕೀ ಪಾಲಿಂದೂ ನೀನ ತಿಂದಿ ಏನ? ಇಲ್ಲಾಂದ್ರ ನಿನಗೊಬ್ಬಾಕಿಗೆ ಹೆಂಗ ಹತ್ತಿತು?”

ತನಗೊಬ್ಬಳಿಗೆ ಹೇಗೆ ಹತ್ತಿತು ಎಂಬುದು ಉದ್ದವ್ವನ ಪ್ರಶ್ನೆಯೂ ಆಗಿತ್ತು. ಒಂದೊಂದು ಸಲ ಕನ್ನಡಿಯ ಮುಂದೆ ನಿಂತು ತುಟಿ ನೋಡಿಕೊಳ್ಳುವಾಗ, ಕದ್ದ ಸೀರೆ ಉಟ್ಟವಳಂತೆ ಅವಳಿಗೆ ಮುಜುಗರವಾಗುತ್ತಿತ್ತು. ಗೌರವ್ವ ಕಮ್ಮಾರನ ಕುಲುಮೆಗೆ ಹೋಗಿ, ಕಾಸಿದ ಕಬ್ಬಿಣ ಅದ್ದಿದ ನೀರನ್ನು ಚೊಂಬಿನಲ್ಲಿ ತಂದು ಕಾಡವ್ವನಿಗೂ ಕೂಸಿಗೂ ಕುಡಿಸಿದಳು. ಅದರಿಂದಲೂ ಏನೂ ಆಗಲಿಲ್ಲ.

ಉದ್ದವ್ವನಿಗೆ ಆ ಕೂಸೆಂದರೆ ಜೀವ. ತನ್ನ ಹೊಟ್ಟೆ ಬರಿದಾಗಿದ್ದ ವರ್ಷಗಳಲ್ಲಿ ಅವಳ ಮಡಿಲಿಗೆ ಬಂದ ಮಗು ಅದೊಂದೇ. ಶೆಟ್ಟೆವ್ವ ಮೊದಲು ಆಡಿದ ಮಾತೂ “ದೊಡವ್ವಾ” ಎಂಬುದೇ. ಕಬ್ಬಿನ ಗಾಣ ಸುರುವಾಗಿ ಯಲ್ಲಾರಿಗೆ ಗೋಕಾಕಕ್ಕೆ ಹೋಗಲು ಪುರಸೊತ್ತು ಸಿಗದೆ ಟಾನಿಕ್ಕು ಮುಗಿದಾಗ, ಉದ್ದವ್ವ ತನ್ನ ಗುಳಿಗೆಯಲ್ಲಿ ಚೂರು ಮುರಿದು, ಹೊಸ ಬೆಲ್ಲದಲ್ಲಿ ಅರೆದು, ಬೆರಳಿಂದ ಕೂಸಿನ ಬಾಯಿಗೆ ಸವರತೊಡಗಿದಳು. ತನ್ನನ್ನು ಎತ್ತಿ ನಿಲ್ಲಿಸಿದ್ದು ಅದನ್ನೂ ಎತ್ತಿ ನಿಲ್ಲಿಸಲಿ ಎಂಬ ಆಸೆ. ಯಾರಿಗೂ ಹೇಳಲಿಲ್ಲ; ಅತ್ತೆ ಮತ್ತೇನಾದರೂ ಅಂದಾಳು.

ಸಂಕ್ರಾಂತಿಯ ಹೊತ್ತಿಗೆ ಕೂಸಿನ ಹೊಟ್ಟೆ ಇನ್ನೂ ಉಬ್ಬಿತು. ಹಣೆಯ ಎಲುಬು ಮುಂದೆ ಬಂದು, ಮೂಗು ಒಳಸೇರಿ ಮುಖದ ಚಹರೆಯೇ ಬದಲಾಯಿತು. ಜ್ವರ ಹಿಡಿದು ಬಿಡಲಿಲ್ಲ. ಗೋಕಾಕಕ್ಕೆ ಒಯ್ದರೆ ಗುರುಲಿಂಗಪ್ಪ ಡಾಕ್ಟರು ಹೊಟ್ಟೆ ಒತ್ತಿ, ಎಡಗಡೆ ಪಕ್ಕೆಯ ಕೆಳಗೆ ಉಬ್ಬಿದ್ದನ್ನು ಬೆರಳಿಂದ ಅಳೆದರು.

“ಈ ಕೂಸಿಗೆ ನಾ ಕೊಟ್ಟ ಔಷಧಿ ಯಾಕ ಹತ್ತಲಿಲ್ಲ, ನನಗ ತಿಳೀವಲ್ದು,” ಎಂದರು. ಡಾಕ್ಟರಿಗೂ ತಿಳಿಯದ ವಿಷಯವಿರುತ್ತದೆ ಎಂಬುದನ್ನು ಉದ್ದವ್ವ ಅಂದೇ ಕೇಳಿದ್ದು. “ಮಿರಜಿಗೆ ಹೋಗೂಣು. ನಾನೂ ಬರ್ತೇನಿ. ನನಗ ಕಲಿಸಿದವರು ಅಲ್ಲಿ ಅದಾರ.”

ಘಟಪ್ರಭಾ ಸ್ಟೇಶನ್ನಿನಿಂದ ರೈಲು ಹಿಡಿದರು. ಕಾಡವ್ವ, ಯಲ್ಲಾರಿ, ಕೂಸನ್ನು ಎತ್ತಿಕೊಂಡ ಉದ್ದವ್ವ, ಎದುರು ಸೀಟಿನಲ್ಲಿ ಡಾಕ್ಟರು. ಮಿರಜಿನ ದೊಡ್ಡ ಡಾಕ್ಟರು ಬಿಳಿಗೂದಲಿನವರು, ಮಾತೆಲ್ಲ ಮರಾಠಿ. ಕೂಸಿನ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದರು. ಆಮೇಲೆ ಕಾಡವ್ವನದ್ದು, ಯಲ್ಲಾರಿಯದ್ದು ಬೇಡಿದರು. ಮರುದಿನ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಗುರುಲಿಂಗಪ್ಪನವರು ಕನ್ನಡದಲ್ಲಿ ತಿಳಿಸುತ್ತ ಹೋದರು.

“ಈ ಕೂಸಿಗೆ ಇನ್ನ ಮ್ಯಾಲ ಕಬ್ಬಿಣ ಕೊಡಬಾರದು. ಟಾನಿಕ್ ಬ್ಯಾಡ, ಗುಳಿಗಿ ಬ್ಯಾಡ. ಇದರ ಮೈಯಾಗ ಕಬ್ಬಿಣ ಹೆಚ್ಚಾಗೇತಿ.”

ಉದ್ದವ್ವ ತಪ್ಪು ಕೇಳಿಸಿಕೊಂಡೆ ಎಂದುಕೊಂಡಳು. “ಕಡಿಮಿ ಐತಿ ಅಂದಿದ್ರಲ್ರಿ?”

“ಅಂದಿದ್ದೆ. ತಪ್ಪಾತು.” ಡಾಕ್ಟರು ಮುಖ ತಪ್ಪಿಸಲಿಲ್ಲ. “ನಿನಗ ಕಡಿಮಿ ಇತ್ತು, ಖರೆ. ಹುಳ ರಕ್ತ ಕುಡದಿದ್ವು, ಅದರ ಜೋಡಿ ಕಬ್ಬಿಣ ಹೋಗಿತ್ತು. ತುಂಬಿ ಕೊಟ್ಟಿವಿ, ಆರಾಮ ಆತು. ಇದು ಬ್ಯಾರೆ. ಕಬ್ಬಿಣ ಎಲುಬಿನ ತನಕ ಬರತೈತಿ, ಅಲ್ಲಿ ರಕ್ತ ಕಟ್ಟೂ ಕೆಲಸ ಕೆಟ್ಟೈತಿ. ಹುಟ್ಟತಾನ ಕೆಟ್ಟೈತಿ. ಹೊಲದಾಗ ಬೀಜ ಹುಸಿ ಇದ್ರ ಎಷ್ಟು ನೀರ ಬಿಟ್ರ ಏನ ಬೆಳೀತೈತಿ? ನೀರು ನಿಂತು ಹೊಲ ಸವಳ ಆಗತೈತಿ. ಹಂಗ, ಬಂದ ಕಬ್ಬಿಣ ಯಕೃತ್ತಿನಾಗ, ಎದಿಯಾಗ ಹೋಗಿ ನಿಂದರತೈತಿ.”

“ನಿಂತದ್ದನ್ನ ಹೊರಗ ಹಾಕಾಕ ಬರೂದಿಲ್ಲೇನ್ರಿ?” ಎಂದು ಯಲ್ಲಾರಿ ಕೇಳಿದ.

“ಅದ ತ್ರಾಸು. ಉಪ್ಪು ಹೆಚ್ಚಾದ್ರ ಮೂತ್ರದಾಗ ಹೋಗತೈತಿ. ಕಬ್ಬಿಣ ಒಮ್ಮಿ ಒಳಗ ಬಂದ್ರ ಹೋಗಾಕ ಹಾದಿ ಇಲ್ಲ. ರಕ್ತ ಹರದು ಹೋದ್ರಷ್ಟ. ಹಳೇ ರಕ್ತ ಸತ್ರೂ ಅದರಾಗಿನ ಕಬ್ಬಿಣ ತಗದು ಮತ್ತ ಹೊಸಾದಕ್ಕ ಬಳಸತೈತಿ ಮೈ. ಅಷ್ಟು ಜುಗ್ಗ ಅದು.”

ಕಾಡವ್ವನಲ್ಲೂ ಯಲ್ಲಾರಿಯಲ್ಲೂ ಅದೇ ದೋಷ ಅರ್ಧರ್ಧ ಇದೆ, ಅರ್ಧ ಇದ್ದವರು ಬಿಳುಪಾಗಿದ್ದರೂ ಬಾಳುತ್ತಾರೆ, ಎರಡು ಅರ್ಧ ಕೂಡಿದ ಕೂಸಿಗೆ ಹೀಗಾಗುತ್ತದೆ ಎಂದರು. ಸೋದರಮಾವನಿಗೇ ಕೊಟ್ಟಾಗ ಹೀಗೆ ಕೂಡುವುದು ಹೆಚ್ಚು. ಕಾಡವ್ವ ಗಂಡನ ಮುಖ ನೋಡಿದಳು. ಯಲ್ಲಾರಿ ತನ್ನ ಅಂಗೈ ತಿರುಗಿಸಿ, ಅಲ್ಲೇನಾದರೂ ಕಂಡೀತೆಂಬಂತೆ ನೋಡುತ್ತ ಕೂತ.

ಉದ್ದವ್ವನ ಕಿವಿಗೆ ಅದ್ಯಾವುದೂ ಬೀಳುತ್ತಿರಲಿಲ್ಲ. ಎಲ್ಲರೂ ಎದ್ದ ಮೇಲೆ ಅವಳು ಗುರುಲಿಂಗಪ್ಪನವರ ಹಿಂದೆ ಹೋಗಿ ನಿಂತಳು.

“ಡಾಕ್ಟರ್ರ, ನಾ ಕೂಸಿಗೆ ನನ್ನ ಗುಳಿಗಿ ಕೊಟ್ಟೇನಿ. ಬೆಲ್ಲದಾಗ ಅರದು. ಯಾರಿಗೂ ಗೊತ್ತಿಲ್ಲ.”

ಅವರು ಎಷ್ಟು, ಎಷ್ಟು ದಿನ ಎಂದು ಕೇಳಿದರು. ಅವಳು ಹೇಳಿದಳು.

“ನಾ ಕೊಟ್ಟ ಟಾನಿಕ್ ಅದಕ್ಕಿಂತ ಹೆಚ್ಚು ಆತು. ನೀ ಕೊಡದಿದ್ರೂ ಇದರ ಕರುಳು ತಾನ ಹೆಚ್ಚು ಕಬ್ಬಿಣ ಎಳಕೋತಿತ್ತು. ರಕ್ತ ಇಲ್ಲ, ರಕ್ತ ಇಲ್ಲ ಅಂತ ಮೈ ಬಡಕೊಳ್ಳಾಕತ್ತೈತಿ, ಅದನ್ನ ಕೇಳಿ ಕರುಳು ಬಾಗಲಾ ತಗದ ಇಟ್ಟೈತಿ. ರೋಗ ನಿನ್ನಿಂದ ಬಂದದ್ದಲ್ಲ.”

“ನನ್ನಿಂದ ಹೆಚ್ಚಾಗೇತಿ ಏನ್ರಿ?”

“ಚೂರು,” ಎಂದರು ಡಾಕ್ಟರು. ಸುಳ್ಳು ಹೇಳಲು ಅವರಿಗೆ ಬರಲಿಲ್ಲ. ಆ ಚೂರು ಎಷ್ಟು ದೊಡ್ಡದು ಎಂದು ಉದ್ದವ್ವನಿಗೆ ಗೊತ್ತಾಗಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಕೂಸಿಗೆ ಕೂಡಲೇ ಬೇರೆಯವರ ರಕ್ತ ಹಾಕಬೇಕಿತ್ತು. ಕಾಡವ್ವನದ್ದು ಯಲ್ಲಾರಿಯದ್ದು ಬರುವಂತಿರಲಿಲ್ಲ. ಉದ್ದವ್ವ ಮೊದಲೇ ತೋಳು ಚಾಚಿ ನಿಂತಿದ್ದಳು. ಪರೀಕ್ಷೆ ಮಾಡಿದರು, ಅವಳ ರಕ್ತ ಹೊಂದಿತು, ಕೊಡುವಷ್ಟು ಗಟ್ಟಿಯೂ ಆಗಿತ್ತು. ರಬ್ಬರು ನಳಿಗೆಯಲ್ಲಿ ಕೆಂಪು ಇಳಿಯುವುದನ್ನು ನೋಡುತ್ತ ಮಲಗಿದಳು. ಮಂದಿ ಹೆದರಿಸಿದ್ದಂತೆ ಪ್ರಾಣವೇನೂ ಹೋಗಲಿಲ್ಲ. ಎದ್ದ ಮೇಲೆ ತಲೆ ಹಗುರಾಗಿತ್ತು, ಯಾರೋ ಹಾಲು ಕೊಟ್ಟರು.

ಎರಡನೆಯ ದಿನಕ್ಕೆ ಶೆಟ್ಟೆವ್ವನ ಕಿವಿಯ ಅಂಚು ಕೆಂಪಾಯಿತು. ಮಂಚದ ಕಂಬಿ ಹಿಡಿದು ತಾನಾಗಿ ಎದ್ದು ನಿಂತಳು. ರೊಟ್ಟಿ ಬೇಡಿದಳು. ಕಾಡವ್ವ ಉದ್ದವ್ವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಉದ್ದವ್ವನಿಗೆ ಇಷ್ಟು ದಿನಕ್ಕೆ ಒಂದು ಸರಿಯಾದ ಕೆಲಸ ಮಾಡಿದೆನೆಂಬ ಸಮಾಧಾನವಾಯಿತು. ಅದು ಮರಳಿ ಬರುವ ರೈಲು ಕುಡಚಿ ದಾಟುವವರೆಗೆ ಇತ್ತು.

“ಈ ರಕ್ತ ಎಷ್ಟ ದಿನಾ ಬರತೈತ್ರಿ?” ಎಂದು ಅಲ್ಲಿ ಅವಳು ಎದುರಿಗೆ ಕೂತಿದ್ದ ಡಾಕ್ಟರನ್ನು ಕೇಳಿದಳು.

“ಎರಡ ತಿಂಗಳು, ಮೂರ ತಿಂಗಳು. ಆಮ್ಯಾಲ ಅದು ಸಾಯತೈತಿ. ಮತ್ತ ಹಾಕಬೇಕು.”

“ಸತ್ತ ರಕ್ತದಾಗಿನ ಕಬ್ಬಿಣ?”

ಡಾಕ್ಟರು ಕಿಟಕಿಯಾಚೆ ನೋಡಿದರು. “ಕೂಸಿನ ಮೈಯಾಗ ಉಳೀತೈತಿ.”

“ಅಂದ್ರ ನಾ ಕೊಟ್ಟಿದ್ದೂ ಕಬ್ಬಿಣಾನ.”

“ಹೂಂ ತಂಗಿ. ಗುಳಿಗಿಗಿಂತ ಭಾಳ ಹೆಚ್ಚಿಂದು. ಕೊಡದಿದ್ರ ಕೂಸು ಇರೂದಿಲ್ಲ. ಕೊಟ್ರ ಕಬ್ಬಿಣ ಕೂಡಕೋಂತ ಹೋಗತೈತಿ. ಅದನ್ನ ತಗಿಯೂ ಔಷಧಿ ಹೊರದೇಶದಾಗ ಹುಡುಕ್ಯಾರ ಅಂತ ಕೇಳೇನಿ, ನಮ್ಮ ಕೈಗೆ ಇನ್ನೂ ಬಂದಿಲ್ಲ.”

ಉದ್ದವ್ವ ಮಡಿಲಲ್ಲಿ ಮಲಗಿದ್ದ ಕೂಸನ್ನು ನೋಡಿದಳು. ಕೊಡಬಾರದೆಂದದ್ದನ್ನೇ ಕೊಟ್ಟು ಬದುಕಿಸಬೇಕು. ಬದುಕಿಸುತ್ತ ಬದುಕಿಸುತ್ತ ಅದೇ ಕೊಲ್ಲುತ್ತದೆ. ಇದನ್ನು ಯಾವ ಕಡೆಯಿಂದ ಹಿಡಿದರೂ ಇನ್ನೊಂದು ಕಡೆ ಜಾರುತ್ತಿತ್ತು.

ಮನೆಯಲ್ಲಿ ಗೌರವ್ವನಿಗೆ ಯಲ್ಲಾರಿ ಎಲ್ಲ ಹೇಳಿದ. ಅವಳು ಅರ್ಧ ರಕ್ತದ ಮಾತನ್ನು ಮತ್ತೆ ಮತ್ತೆ ಹೇಳಿಸಿದಳು. “ಹೊರಗಿನಾಕಿ ರಕ್ತ ಹೊಂದತೈತಿ, ನಮ್ಮದ ನಮಗ ಹೊಂದೂದಿಲ್ಲ ಅಂದ್ರ ಏನ ಮಾತ ಇದು?” ಎಂದಳು. ಅಂದಿನಿಂದ ಅವಳು ಉದ್ದವ್ವನ ಗಂಗಾಳಕ್ಕೆ ತಾನೇ ತುಪ್ಪ ಬಡಿಸತೊಡಗಿದಳು. ಆದರೆ ಬಡಿಸುವಾಗ ಮುಖ ನೋಡುತ್ತಿರಲಿಲ್ಲ. ಕಾಡವ್ವ ಇನ್ನೊಂದು ಹಡೆಯಲು ಒಪ್ಪಲಿಲ್ಲ. ಗಂಡ ಹೆಂಡತಿ ಬೇರೆ ಬೇರೆ ಮಲಗತೊಡಗಿದ್ದು ಎಲ್ಲರಿಗೂ ಗೊತ್ತಿತ್ತು.

ಹಾಗೆ ವರ್ಷಗಳು ಹೋದವು. ಕೂಸು ಬಿಳಿಚಿದಾಗ ಮಿರಜಿಗೆ ಹೋಗುವುದು, ಉದ್ದವ್ವ ರಕ್ತ ಕೊಡುವುದು, ಬಂದು ಗುಳಿಗೆ ನುಂಗಿ ತಾನು ತುಂಬಿಕೊಳ್ಳುವುದು. ಮನೆಯಲ್ಲಿ ಗುಳಿಗೆಯ ಡಬ್ಬಿಯನ್ನು ಅವಳು ಈಗ ಜಂತಿಯ ಮೇಲೆ, ಶೆಟ್ಟೆವ್ವನ ಕೈಗೆ ಸಿಗದಲ್ಲಿ ಇಡುತ್ತಿದ್ದಳು. ಹುಡುಗಿ ಕುಳ್ಳಗೆ ಉಳಿದರೂ ನಡೆದಳು, ಓಡಿದಳು, ಸಾಲೆಗೆ ಹೋದಳು. ಎಲ್ಲರಿಗಿಂತ ಮೊದಲು ಮಗ್ಗಿ ಒಪ್ಪಿಸುತ್ತಿದ್ದಳಂತೆ.

ಹಿಡಕಲ್ಲಿನ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದ ಉದ್ದವ್ವನ ತಮ್ಮನ ಲಗ್ನದ ವರ್ಷ, ಮಿರಜಿಗೆ ಹೋದಾಗ ಅಲ್ಲಿಯ ನರ್ಸು ಉದ್ದವ್ವನ ರಕ್ತ ತೆಗೆಯಲು ಒಪ್ಪಲಿಲ್ಲ. ಅವಳು ಬಸಿರಿದ್ದಳು. ಸ್ವತಃ ಅವಳಿಗೂ ಖಾತ್ರಿ ಇರಲಿಲ್ಲ. ಎರಡು ಸಲ ಮೋಸ ಹೋದವಳಿಗೆ ನಂಬಿಕೆಯೇ ಹೊರಟುಹೋಗಿತ್ತು.

“ಚೂರ ತಗೋರಿ,” ಎಂದು ಬೇಡಿಕೊಂಡಳು. “ಹುಡಿಗಿ ನಿಂದ್ರಾಕ ಆಗವಲ್ದು.”

ಆಗದೆಂದರು. ಹೊಟ್ಟೆಯಲ್ಲಿರುವ ಕೂಸು ತನ್ನ ರಕ್ತಕ್ಕೆ ಬೇಕಾದ ಕಬ್ಬಿಣವನ್ನು ತಾಯಿಯಿಂದಲೇ ತೆಗೆದುಕೊಳ್ಳುತ್ತದೆ, ಹುಟ್ಟಿದ ಮೇಲಿನ ತಿಂಗಳುಗಳಿಗೂ ಕೂಡಿಟ್ಟುಕೊಳ್ಳುತ್ತದೆ, ನಿಮ್ಮಲ್ಲಿ ಕೊಡಲು ಉಳಿದಿಲ್ಲ ಎಂದು ತಿಳಿಸಿದರು. ಮಂಚದ ಮೇಲಿದ್ದ ಶೆಟ್ಟೆವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ದೊಡವ್ವಾ, ಆ ಕೂಸೂ ನಿನ್ನ ರಕ್ತ ತಗೋತೈತೇನ?”

“ಹೂಂ ನನ್ನವ್ವಾ.”

“ನನ್ನಂಗ ಬಾಟ್ಲಿಲೆ?”

“ಇಲ್ಲ. ಒಳಗಿಂದೊಳಗ.”

ಹುಡುಗಿ ವಿಚಾರ ಮಾಡಿದಳು. “ಅದಕ್ಕ ಸೂಜಿ ಚುಚ್ಚೂದಿಲ್ಲ. ಚೊಲೊ ಆತು,” ಎಂದಳು.

ಉದ್ದವ್ವ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. ಹರಕೆ ಹೊತ್ತು ಪಡೆದ ಬಸಿರು. ಅದರ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ಹೆದರಿಕೆಯಾಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು. ಯಾರಿಗೆ ತಾನು ತಾಯಿ, ಯಾರಿಗೆ ಅಲ್ಲ ಎಂಬುದು ಅಂದು ಅವಳಿಗೆ ತಿಳಿಯದೆ ಹೋಯಿತು.

ಯಲ್ಲಾರಿ ಕುರಿಗಳಿದ್ದಲ್ಲಿಗೆ ಹೋಗಿ ಅಣ್ಣನನ್ನು ಕರೆತಂದ. ತೋಳ ಬಂದರೆ ಕೋಲು ಹಿಡಿದು ಎದುರು ಹೋಗುವ ಕರೆಪ್ಪ ಸೂಜಿ ಕಂಡು ಬೆವರಿದ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕೊಟ್ಟ. ಅವನದ್ದೂ ಹೊಂದಿತು. ಆ ವರ್ಷ ಹಾಗೆ ದಾಟಿತು. ಉದ್ದವ್ವ ಗಂಡುಮಗು ಹಡೆದಳು. ಸತ್ತೆಪ್ಪ ಎಂದು ಹೆಸರಿಟ್ಟರು. ಶೆಟ್ಟೆವ್ವ ಅವನ ತೊಟ್ಟಿಲು ತೂಗುತ್ತ ಮಗ್ಗಿ ಹೇಳುತ್ತಿದ್ದಳು.

ಆದರೆ ಹುಡುಗಿಯ ಮೈಬಣ್ಣ ಬೂದಿ ಸವರಿದಂತೆ ಕಪ್ಪಾಗತೊಡಗಿತ್ತು. ರಕ್ತ ಹಾಕಿದರೂ ಮೊದಲಿನಂತೆ ಚೇತರಿಸಿಕೊಳ್ಳುತ್ತಿರಲಿಲ್ಲ. ಕಾಲು ಬಾತವು. ನಾಲ್ಕು ಹೆಜ್ಜೆಗೆ ಏದುಸಿರು. ಮೂರನೆಯ ಇಯತ್ತೆಯ ಪರೀಕ್ಷೆಗೆ ಮುಂಚೆ, ಮಧ್ಯಾಹ್ನ ಕಾಡವ್ವ ತಲೆ ಬಾಚುತ್ತಿರುವಾಗ, ತಾಯಿಯ ಮೊಣಕಾಲಿಗೆ ಒರಗಿದವಳು ಮತ್ತೆ ತಲೆಯೆತ್ತಲಿಲ್ಲ.

ಮಣ್ಣಿಗೆ ಇಟ್ಟು ಬಂದ ಮೇಲೆ ಎಷ್ಟೋ ದಿನಕ್ಕೆ ಗೌರವ್ವ ಸತ್ತೆಪ್ಪನಿಗೆ ಎಣ್ಣೆ ಹಚ್ಚುತ್ತ, “ನಾನ ಕೂಡಿಸಿದ ಲಗ್ನ ಅದು,” ಎಂದಳು. ಉದ್ದವ್ವನಿಗೆ ಸಮಾಧಾನ ಹೇಳಲು ಮನಸ್ಸಾಯಿತು. ಬೆಲ್ಲದಲ್ಲಿ ಅರೆದ ಗುಳಿಗೆಯ ನೆನಪು ಬಂದು, ತಾನು ಯಾರು ಹೇಳುವವಳು ಎನ್ನಿಸಿ ಎಣ್ಣೆಯ ಬಟ್ಟಲು ಹತ್ತಿರ ಸರಿಸಿದಳು, ಅಷ್ಟೇ.

ಮುಂದಿನ ಮಳೆಗಾಲದಲ್ಲಿ ಸತ್ತೆಪ್ಪನಿಗೆ ಕೆಮ್ಮು ಹಿಡಿಯಿತು. ಉದ್ದವ್ವ ಅತ್ತೆಯೊಡನೆ ಅವನನ್ನು ಗೋಕಾಕಕ್ಕೆ ಒಯ್ದಳು. ಗುರುಲಿಂಗಪ್ಪ ಡಾಕ್ಟರು ಎದೆ ಪರೀಕ್ಷಿಸಿ, ಹೆದರುವಂಥದ್ದೇನಿಲ್ಲವೆಂದು ಔಷಧಿ ಕೊಟ್ಟರು. ಅವಳು ಏಳಲಿಲ್ಲ.

“ಒಂದ ಕೇಳ್ಲೇನ್ರಿ? ನಾ ರಕ್ತ ಕೊಟ್ಟಿದ್ದಕ್ಕ ಹುಡಿಗಿ ಬದುಕಿದ್ಲೋ, ಕೊಟ್ಟಿದ್ದಕ್ಕ ಸತ್ಲೋ?”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಷ್ಟು ವರ್ಷ ಬದುಕಿದ್ದು ಅದಕ್ಕ. ಕಡೀಕ ಎದಿ ನಿಂತದ್ದೂ ಅದಕ್ಕ. ಎರಡೂ ಖರೆ. ಬಿಡಿಸಿ ಹೇಳಾಕ ನನಗ ಬರೂದಿಲ್ಲ ತಂಗಿ.”

ಅವಳು ಮಗನನ್ನು ಸೊಂಟಕ್ಕೆತ್ತಿಕೊಂಡು ಹೊರಡುವಾಗ ಒಳಕೋಣೆಯಿಂದ ನರಳುವುದು ಕೇಳಿಸಿತು. ಬಾಗಿಲಲ್ಲಿ ಕೊಣ್ಣೂರಿನ ಒಬ್ಬ ರೈತ ರುಮಾಲು ಹಿಂಡುತ್ತ ನಿಂತಿದ್ದ. ಅವನ ಹೆಂಡತಿ ಬೆಳಗ್ಗೆ ಹಡೆದಿದ್ದಳು, ರಕ್ತ ಬಹಳ ಹೋಗಿತ್ತು. ಅವನದ್ದು ಹೊಂದಿರಲಿಲ್ಲ. ಡಾಕ್ಟರು ಉದ್ದವ್ವನ ಕಡೆ ನೋಡಿದರು; ಅವಳ ರಕ್ತ ಯಾರಿಗಾದರೂ ಹೊಂದುವಂಥದೆಂದು ಅವರಿಗೆ ಗೊತ್ತಿತ್ತು.

“ಆಕೀಗೂ ಹುಡಿಗೀದ ರೋಗ ಏನ್ರಿ?” ಎಂದು ಉದ್ದವ್ವ ಕೇಳಿದಳು.

“ಅಲ್ಲ. ಇಕಿದು ಹರದು ಹೋಗಿದ್ದು. ಕೊಟ್ರ ಇಕಿ ಮೈ ಅದನ್ನ ಬಳಸತೈತಿ.”

“ಖಾತ್ರಿ ಐತೇನ್ರಿ?”

“ನಿನಗ ಖಾತ್ರಿ ಹೇಳಾಕ ನನಗೀಗ ಅಂಜಿಕಿ ಬರತೈತಿ,” ಎಂದರು ಡಾಕ್ಟರು. “ಆದ್ರ ಕೊಡದಿದ್ರ ಏನಾಗತೈತಿ ಅನ್ನೂದು ಗೊತ್ತೈತಿ.”

ಉದ್ದವ್ವನಿಗೆ ಯಾವುದೂ ಸ್ಪಷ್ಟವಾಗಲಿಲ್ಲ. ಸತ್ತೆಪ್ಪನನ್ನು ಅತ್ತೆಯ ಕೈಗೆ ಕೊಟ್ಟಳು.

“ಬಸ್ಸ ತಪ್ಪತೈತಿ,” ಎಂದಳು ಗೌರವ್ವ.

“ತಪ್ಪಲಿರಿ ಅತ್ತಿ,” ಎಂದು ಉದ್ದವ್ವ ಕುಪ್ಪಸದ ತೋಳು ಮೇಲೆ ಸರಿಸುತ್ತ ಒಳಕೋಣೆಗೆ ಹೋದಳು.